ಗೋಣು ಆಡಿದ್ದೆಲ್ಲ ಒಪ್ಪಿಗೆಯಲ್ಲ: ತಲೆಯಾಟ ಓದುವ ಬಗೆ

ಮೇಲೆ-ಕೆಳಗೆ ಆಡಿದರೆ ಹೌದು, ಮುಖ ಎಡಕ್ಕೂ ಬಲಕ್ಕೂ ತಿರುಗಿದರೆ ಇಲ್ಲ. ಇವೆರಡರಲ್ಲಿ ನಮಗೆ ಗೊಂದಲವಿಲ್ಲ. ಫಜೀತಿ ಇರುವುದು ಮೂರನೆಯದರಲ್ಲಿ: ಮುಖ ಎದುರಿಗೇ ಇದ್ದು, ಕಿವಿ ಭುಜದ ಕಡೆಗೆ ವಾಲುವ ಆಟ. ಹೊರದೇಶದ ಸಹೋದ್ಯೋಗಿ ಇದನ್ನು 'ಇಲ್ಲ' ಎಂದೋ 'ನೋಡೋಣ' ಎಂದೋ ತಿಳಿದುಬಿಡಬಹುದು.

ಓದುವಾಗ ಮೊದಲು ಎಣಿಸಿ. ಒಂದೇ ಸಲ ಒಂದು ಬದಿಗೆ ವಾಲಿದರೆ 'ಸರಿ, ಆಗಲಿ'. ಬಸ್ಸಿನಲ್ಲಿ 'ಇಲ್ಲಿ ಕೂರಬಹುದಾ' ಎಂದಾಗ ಸಿಗುವುದು ಇದೇ. ಎರಡು ಮೂರು ಸಲ ಮೆತ್ತಗೆ ತೂಗಿದರೆ 'ಕೇಳ್ತಿದ್ದೀನಿ, ಹೇಳಿ' ಎಂದಷ್ಟೇ. ಮಾತು ತಲುಪಿದೆ, ಒಪ್ಪಿಗೆ ಇನ್ನೂ ಬಂದಿಲ್ಲ. (ಸಂಗೀತ ಕಚೇರಿಯಲ್ಲಿ ರಾಗಕ್ಕೆ ತಲೆದೂಗುವುದು ಬೇರೆ ಲೆಕ್ಕ.) ಕಣ್ಣು ಬೇರೆಲ್ಲೋ ಇದ್ದು ತಲೆ ಬೇಗಬೇಗ ಆಡಿದರೆ 'ಆಯ್ತು ಮಾರಾಯ, ಸಾಕು ಮಾಡು'. ಆಮೇಲೆ ಬಾಯಿ ನೋಡಿ: ತುಟಿ ಬಿಗಿದಿದ್ದರೆ ಮನಸ್ಸಿಲ್ಲದ ಹೂಂ. ನಾಲಿಗೆ 'ತ್ಚ್' ಎಂದರೆ ತಲೆ ಹೇಗೇ ಆಡಲಿ, ಕೆಲಸ ಆಗಿಲ್ಲ.

ಮೇಲಧಿಕಾರಿಯ, ಹಿರಿಯರ ಎದುರು ಈ ಲೆಕ್ಕವೆಲ್ಲ ಕೈಕೊಡುತ್ತದೆ. 'ಆಗಲ್ಲ' ಎನ್ನಲು ಸಂಕೋಚ, ಹಾಗಾಗಿ ಎಲ್ಲರೂ ಕೋಲೆಬಸವ. ತಪ್ಪು ಹೆಚ್ಚಾಗಿ ಕೇಳಿದವರದೇ. 'ಶುಕ್ರವಾರ ಆಗುತ್ತಲ್ವಾ?' ಎಂದರೆ ಗೋಣು ಆಡಿಸುವುದೊಂದೇ ದಾರಿ ಉಳಿಯುತ್ತದೆ. ತಲೆಯಿಂದ ಉತ್ತರಿಸಲಾಗದ ಪ್ರಶ್ನೆ ಕೇಳಿ: 'ಯಾವತ್ತು ಕೊಡ್ತೀರಿ? ಏನು ಬಾಕಿ ಇದೆ?'

ಆಡುವ ತಲೆ ನಿಮ್ಮದೇ ಆದರೆ ಅದನ್ನು ಬಿಗಿಹಿಡಿಯಬೇಡಿ. ಮರಗಟ್ಟಿದ ಕುತ್ತಿಗೆ ಮುನಿಸಿನಂತೆ ಕಾಣುತ್ತದೆ. ತಲೆಯ ಜೊತೆಗೆ ಮಾತು ಸೇರಿಸಿ: 'ಆಯ್ತು, ಗುರುವಾರ ಸಂಜೆ 5ಕ್ಕೆ.' ವಿಡಿಯೋ ಕರೆಯಲ್ಲಿ ಇದು ಇನ್ನೂ ಮುಖ್ಯ. ಎದುರುಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವೆ ಸುಮಾರು 0.2 ಸೆಕೆಂಡ್ ಅಷ್ಟೇ ಇರುತ್ತದೆ. ನೆಟ್‌ವರ್ಕ್ ಅಷ್ಟೇ ತಡಮಾಡಿದರೂ ಸಾಕು, ಒಂದು ವಾಕ್ಯಕ್ಕೆ ಆಡಿದ ತಲೆ ಮುಂದಿನ ವಾಕ್ಯಕ್ಕೆ ಅಂಟಿಕೊಳ್ಳುತ್ತದೆ. ಪ್ರಶ್ನೆ ಕೇಳಿ 2 ಸೆಕೆಂಡ್ ಸುಮ್ಮನಿರಿ. ಕ್ಯಾಮೆರಾದಲ್ಲಿ ನೆತ್ತಿಯಿಂದ ಎದೆಯವರೆಗೆ ಕಾಣಲಿ. ಹಣೆ ಮಾತ್ರ ಕಂಡರೆ ಯಾವ ಆಟವೂ ಅರ್ಥವಾಗದು.

ಜಪಾನಿನವರು ತಲೆಯಾಡಿಸಿ 'ಹಾಯ್' (ಅವರ ಭಾಷೆಯಲ್ಲಿ 'ಹೌದು') ಎನ್ನುವುದು ಎಷ್ಟೋ ಸಲ ನಮ್ಮ 'ಹೂಂ, ಹೇಳಿ' ಇದ್ದಂತೆ. ಬಲ್ಗೇರಿಯಾದಲ್ಲಿ ಮೇಲೆ-ಕೆಳಗಿನ ಆಟವೇ 'ಇಲ್ಲ' ಆಗಬಹುದು. ಅಲ್ಲಿ ತಲೆ ಬಿಟ್ಟು ಮಾತಿಗೆ ಕಾಯಿರಿ: 'ದಾ' ಎಂದರೆ ಹೌದು, 'ನೆ' ಎಂದರೆ ಇಲ್ಲ. ಗಡಿ ದಾಟಿ ಗ್ರೀಸಿಗೆ ಹೋದರೆ ಮಾತ್ರ 'ನೆ' ಎಂದರೆ ಹೌದು.