ನಂದಿ ಬೆಟ್ಟ ಹತ್ತುವ ಸೈಕಲ್ ಸವಾರರಿಗೆ: ಚೈನ್ ಟೂಲ್ ಬಗ್ಗೆ

ಕಳೆದ ಭಾನುವಾರ ನಂದಿ ಬೆಟ್ಟದ ಏರಿನಲ್ಲಿ ನನ್ನ ಚೈನ್ ತುಂಡಾಯಿತು. ಚೈನ್ ಟೂಲ್ ಎಂದರೆ ಚೈನಿನ ಕೊಂಡಿಗಳನ್ನು ಹಿಡಿದಿಡುವ ಪಿನ್ನನ್ನು ದೂಡುವ ಪುಟ್ಟ ಕೈ ಸಾಧನ. ನನ್ನ ಅಗ್ಗದ ಟೂಲ್ ತಿರುಗಿಸಿದರೆ ಪಿನ್ ದೂಡುವ ಅದರ ಮೊನೆಯೇ ಬಾಗಿತು. ಇಳಿಯುವುದಕ್ಕೆ ಚೈನ್ ಬೇಕಿಲ್ಲವಲ್ಲ, ಬುಡದ ತನಕ ಬಂದೆ. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಗೂಡ್ಸ್ ಆಟೋವೇ ಗತಿ.

ಕೊಳ್ಳುವಾಗ ಎರಡನ್ನು ನೋಡಿ: ಮೊನೆ ಬದಲಿಸಲು ಬರಬೇಕು, ಹಿಡಿ ಅಂಗೈ ತುಂಬ ಸಿಗಬೇಕು. ಬಣ್ಣ, ತೂಕ ಆಮೇಲಿನ ಮಾತು.

ಬಳಸುವಾಗ ಚೈನನ್ನು ಟೂಲಿನ ಹಲ್ಲುಗಳ ನಡುವೆ ಪೂರ್ತಿ ಕೂರಿಸಿ, ಮೊನೆ ಪಿನ್ನಿನ ನಟ್ಟನಡುವೆ ತಾಗಿದೆಯೇ ಎಂದು ಬಗ್ಗಿ ನೋಡಿ. ಸ್ವಲ್ಪ ಓರೆಯಾದರೂ ಮೊನೆ ಮುರಿಯಬಹುದು. ಹಿಡಿ ತಿರುಗಿಸಿದಾಗ ಪಿನ್ ಮೊದಲು ಬಿಗಿಯಾಗಿ ತಡೆಯುತ್ತದೆ, ಆಮೇಲೆ ಟಕ್ ಎಂದು ಸಡಿಲವಾಗುತ್ತದೆ. ಅದೇ ಪಿನ್ ಮತ್ತೆ ಹಾಕುವುದಾದರೆ ಪೂರ್ತಿ ಹೊರದೂಡಬೇಡಿ. ತುದಿ ಹೊರ ಪ್ಲೇಟಿನಲ್ಲೇ ಕಚ್ಚಿಕೊಂಡಿರಲಿ. ಜೋಡಿಸಿದ ಮೇಲೆ ಕೊಂಡಿ ಬಿಗಿಯಾಗಿದ್ದರೆ ಚೈನನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡಲಾಗಿ ಮೆಲ್ಲಗೆ ಬಾಗಿಸಿ.

ಹಿಂದೆ ಹತ್ತು, ಹನ್ನೊಂದು ಗೇರಿರುವ ಸೈಕಲ್ಲಿನ ತೆಳು ಚೈನಿಗೆ ಮಾತ್ರ ಹಳೆಯ ಪಿನ್ ಬೇಡವೇ ಬೇಡ. ಅದೇ ಗೇರಿನ ಸಂಖ್ಯೆಗೆ ಹೊಂದುವ ಕ್ವಿಕ್ ಲಿಂಕ್ (ಕೈಯಲ್ಲೇ ಜೋಡಿಸಬಹುದಾದ ಕೊಂಡಿ) ಒಂದು ಜೊತೆ ಸೀಟಿನ ಚೀಲದಲ್ಲಿರಲಿ. ಕೊಂಡಿ ಕಡಿಮೆಯಾಗಿ ಚೈನ್ ಗಿಡ್ಡವಾಗಿದ್ದರೆ, ಮನೆ ಸೇರುವ ತನಕ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡಕ್ಕೂ ಒಟ್ಟಿಗೆ ಚೈನ್ ಹಾಕಬೇಡಿ.