ಸ್ತಬ್ಧವಾದ ಟಿಐ-84 ಪ್ಲಸ್ ಕ್ಯಾಲ್ಕುಲೇಟರನ್ನು ಮತ್ತೆ ಚಾಲನೆಗೆ ತರುವ ಕ್ರಮ

ಅಮೆರಿಕದ ಹೈಸ್ಕೂಲುಗಳಲ್ಲಿ ಓದುತ್ತಿರುವ ನಮ್ಮ ಅನೇಕ ಮಕ್ಕಳು ಬಳಸುವ ಟಿಐ-84 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರು ಪರೀಕ್ಷೆಯ ಹಿಂದಿನ ರಾತ್ರಿ ಯಾವ ಕೀಲಿ ಒತ್ತಿದರೂ ಮಿಸುಕದೆ ನಿಂತುಬಿಟ್ಟರೆ, ಗಾಬರಿಯಲ್ಲಿ ಬ್ಯಾಟರಿಗಳನ್ನೆಲ್ಲ ಕಿತ್ತು ಮತ್ತೆ ಹಾಕುವವರೇ ಹೆಚ್ಚು. ಹಾಗೆ ಮಾಡಿದರೆ ಯಂತ್ರ ಎದ್ದು ಕೂರಬಹುದಾದರೂ ಅದರೊಳಗೆ ಬರೆದಿಟ್ಟಿದ್ದ ಪ್ರೋಗ್ರಾಮುಗಳು ಅಳಿಸಿಹೋಗುವ ಸಾಧ್ಯತೆ ಇರುತ್ತದೆ. ಆದ್ದರಿಂದ ಏನನ್ನೂ ಅಳಿಸದ ಉಪಾಯಗಳನ್ನು ಮೊದಲು ಮುಗಿಸಿ, ಆಮೇಲೆ ಕಠಿಣವಾದವುಗಳಿಗೆ ಕೈಹಾಕಬೇಕು. ಇಲ್ಲಿ ಹೇಳುವುದು ನಾಲ್ಕು ಎಎಎ ಬ್ಯಾಟರಿಗಳಿಂದ ನಡೆಯುವ ಕಪ್ಪು-ಬಿಳುಪು ಪರದೆಯ ಮಾದರಿಗೆ ಅನ್ವಯಿಸುತ್ತದೆ. ಬಣ್ಣದ ಪರದೆಯ ಸಿಇ ಮಾದರಿಯಲ್ಲಿ ರೀಚಾರ್ಜ್ ಆಗುವ ಬ್ಯಾಟರಿಯೂ ಹಿಂಬದಿಯಲ್ಲಿ ಚಿಕ್ಕದೊಂದು ರೀಸೆಟ್ ಗುಂಡಿಯೂ ಇರುವುದರಿಂದ ಅದರ ಕ್ರಮ ಬೇರೆ.

ಪರದೆ ಪೂರ್ತಿ ಖಾಲಿ ಇದ್ದರೆ ಯಂತ್ರ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ನೀಲಿ ಬಣ್ಣದ ‘ಸೆಕೆಂಡ್’ ಕೀಲಿಯನ್ನು ಒತ್ತಿ ಬಿಟ್ಟು, ಮೇಲ್ಮುಖದ ಬಾಣದ ಕೀಲಿಯನ್ನು ಒತ್ತಿ ಹಿಡಿಯಿರಿ. ಪರದೆ ಪೂರ್ತಿ ಕಪ್ಪಾಗಿದ್ದರೆ ಕೆಳಮುಖದ ಬಾಣವನ್ನು ಹಿಡಿಯಿರಿ. ಅಕ್ಷರಗಳ ಗಾಢತೆ ಬದಲಾಗುವಾಗ ಬಲಗಡೆಯ ಮೇಲ್ಮೂಲೆಯಲ್ಲಿ 0ಯಿಂದ 9ರವರೆಗಿನ ಒಂದು ಅಂಕಿ ಕಾಣಿಸುತ್ತದೆ. ಅದು 8 ಅಥವಾ 9ಕ್ಕೆ ಏರಿದರಷ್ಟೇ ಅಕ್ಷರ ಕಾಣುತ್ತದೆಯೆಂದಾದರೆ ಬ್ಯಾಟರಿಗಳನ್ನು ಬದಲಿಸುವ ಕಾಲ ಬಂದಿದೆ ಎಂದರ್ಥ.

ಪರದೆಯಲ್ಲಿ ಏನೋ ಕಾಣುತ್ತಿದ್ದು ಕೀಲಿಗಳು ಮಾತ್ರ ಕೆಲಸ ಮಾಡದಿದ್ದರೆ ಅದೇ ಬಲ ಮೇಲ್ಮೂಲೆಯನ್ನು ಗಮನವಿಟ್ಟು ನೋಡಿ. ಅಲ್ಲಿ ಓಡುತ್ತಿರುವ ಸಣ್ಣ ಲಂಬಗೆರೆ ಚುಕ್ಕಿಚುಕ್ಕಿಯಾಗಿದ್ದರೆ ಗ್ರಾಫ್ ಅಥವಾ ಪ್ರೋಗ್ರಾಮು ನಡುವೆ ತಡೆದು ನಿಂತಿದೆಯಷ್ಟೆ; ‘ಎಂಟರ್’ ಒತ್ತಿದರೆ ಮುಂದುವರಿಯುತ್ತದೆ. ಗೆರೆ ಅಖಂಡವಾಗಿದ್ದರೆ ಲೆಕ್ಕ ನಡೆಯುತ್ತಿದೆ. ಕ್ಯಾಲ್ಕುಲೇಟರಿನ ಸರಳ ಪ್ರೋಗ್ರಾಮಿಂಗ್ ಭಾಷೆಯಾದ ಬೇಸಿಕ್‌ನಲ್ಲಿ ಬರೆದ ಪ್ರೋಗ್ರಾಮು ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡಾಗಲೂ ಹೀಗೆಯೇ ಕಾಣುತ್ತದೆ. ಆಗ ‘ಆನ್’ ಕೀಲಿಯನ್ನು ಒತ್ತಿದರೆ ‘ಬ್ರೇಕ್’ ಎಂಬ ದೋಷಸೂಚನೆ ಬಂದು, ‘ಕ್ವಿಟ್’ ಮತ್ತು ‘ಗೋಟು’ ಎಂಬ ಎರಡು ಆಯ್ಕೆಗಳು ಸಿಗುತ್ತವೆ. ಪ್ರೋಗ್ರಾಮು ನೀವೇ ಬರೆದದ್ದಾದರೆ ‘ಗೋಟು’ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಪ್ರೋಗ್ರಾಮು ನಿಂತ ಸಾಲಿಗೇ ನಿಮ್ಮನ್ನು ಒಯ್ಯುತ್ತದೆ.

‘ಆನ್’ ಕೀಲಿಗೂ ಉತ್ತರವಿಲ್ಲದಿದ್ದರೆ ಬಹುಮಟ್ಟಿಗೆ ಅಸೆಂಬ್ಲಿ ಭಾಷೆಯ ಪ್ರೋಗ್ರಾಮೊಂದು, ಹೆಚ್ಚಾಗಿ ಗೆಳೆಯರಿಂದ ಬಂದ ಆಟ, ಕುಸಿದಿರುತ್ತದೆ. ಅಂಥ ಪ್ರೋಗ್ರಾಮು ನೇರವಾಗಿ ಜೆಡ್80 ಪ್ರೊಸೆಸರಿನ ಮೇಲೆ ನಡೆಯುವುದರಿಂದ, ಅದು ಹಾದಿ ತಪ್ಪಿದಾಗ ಆಪರೇಟಿಂಗ್ ಸಿಸ್ಟಮ್‌ಗೆ ಕೀಲಿಗಳನ್ನು ಗಮನಿಸುವ ಸರದಿಯೇ ಬರುವುದಿಲ್ಲ. ಈಗ ಹಿಂಬದಿಯ ಮುಚ್ಚಳ ತೆಗೆದು, ನಾಲ್ಕರಲ್ಲಿ ಒಂದೇ ಒಂದು ಎಎಎ ಬ್ಯಾಟರಿಯನ್ನು ಹೊರತೆಗೆದು, ಕೆಲವು ಕ್ಷಣ ಬಿಟ್ಟು ಮತ್ತೆ ಕೂರಿಸಿ ‘ಆನ್’ ಒತ್ತಬೇಕು. ಸ್ಕ್ರೂ ಹಾಕಿದ ಪುಟ್ಟ ಮುಚ್ಚಳದೊಳಗಿನ ಬಟನ್ ಸೆಲ್ಲನ್ನು ಮುಟ್ಟಬೇಕಾಗಿಲ್ಲ.

ಇಷ್ಟಾದಾಗ, ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಅಳಿಸಲಾಗಿದೆ ಎಂಬ ಸಂದೇಶ ಬರುವುದು ಸಾಮಾನ್ಯ. ಸುಮಾರು 24 ಕಿಲೋಬೈಟ್‌ನ ರ‍್ಯಾಮ್‌ನಲ್ಲಿದ್ದ ಪ್ರೋಗ್ರಾಮು, ಪಟ್ಟಿ, ಮ್ಯಾಟ್ರಿಕ್ಸ್, ಸಮೀಕರಣಗಳೆಲ್ಲ ಹೋಗಿರುತ್ತವೆ. 480 ಕಿಲೋಬೈಟ್‌ನ ಆರ್ಕೈವ್‌ನಲ್ಲಿ ಇಟ್ಟದ್ದು ವಿದ್ಯುತ್ ಇಲ್ಲದಿದ್ದರೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿರುವುದರಿಂದ ಉಳಿದಿರುತ್ತದೆ. ವಿದ್ಯಾರ್ಥಿಗಳ ಕಣ್ಣಿಗೆ ಬೀಳದೆ ಉಳಿಯುವ ಬದಲಾವಣೆಯೊಂದಿದೆ, ಅದನ್ನು ಒತ್ತಿ ಹೇಳಬೇಕು: ಕೋನದ ಮಾನ ಡಿಗ್ರಿಯಲ್ಲಿದ್ದರೆ ಅದು ರೇಡಿಯನ್‌ಗೆ ಮರಳಿರುತ್ತದೆ. ಸೈನ್ 30 ಎಂದು ಕೇಳಿ ನೋಡಿ, ಉತ್ತರ 0.5 ಬರುವ ಬದಲು ಋಣ 0.988 ಎಂದು ಬಂದರೆ ‘ಮೋಡ್’ ಒತ್ತಿ ‘ಡಿಗ್ರಿ’ಗೆ ಬದಲಿಸಿಕೊಳ್ಳಿ. ಸಂಖ್ಯಾಶಾಸ್ತ್ರ ಓದುವವರು ಎಲ್ಲ ಆಜ್ಞೆಗಳ ಪಟ್ಟಿಯಾದ ಕ್ಯಾಟಲಾಗ್‌ಗೆ ಹೋಗಿ ‘ಡಯಾಗ್ನಾಸ್ಟಿಕ್ ಆನ್’ ಆಜ್ಞೆಯನ್ನೂ ಕೊಡಬೇಕು, ಇಲ್ಲವಾದರೆ ರಿಗ್ರೆಶನ್ ಮಾಡಿದಾಗ ಸಹಸಂಬಂಧದ ಬೆಲೆ ಕಾಣಿಸುವುದಿಲ್ಲ.

ಮತ್ತೆ ಮತ್ತೆ ಕುಸಿಯುತ್ತಿದ್ದರೆ ಆಪರೇಟಿಂಗ್ ಸಿಸ್ಟಮ್ಮೇ ಹಾಳಾಗಿರಬಹುದು. ಅದನ್ನು ಹೊಸದಾಗಿ ಹಾಕಲು ಹೊಸ ಬ್ಯಾಟರಿಗಳು, ಯುಎಸ್‌ಬಿ ಕೇಬಲ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಚಿತವಾಗಿ ಕೊಡುವ ಟಿಐ ಕನೆಕ್ಟ್ ಸಿಇ ತಂತ್ರಾಂಶ ಹಾಗೂ ಈ ಮಾದರಿಗೇ ಮೀಸಲಾದ, ಹೆಸರಿನ ಕೊನೆಯಲ್ಲಿ ‘8ಎಕ್ಸ್‌ಯು’ ಎಂದಿರುವ ಸಿಸ್ಟಮ್ ಫೈಲು ಬೇಕು. ಒಂದು ಎಎಎ ಬ್ಯಾಟರಿಯನ್ನು ತೆಗೆದು, ‘ಡೆಲ್’ ಕೀಲಿಯನ್ನು ಒತ್ತಿ ಹಿಡಿದುಕೊಂಡೇ ಅದನ್ನು ಮತ್ತೆ ಕೂರಿಸಿ, ಪರದೆ ಖಾಲಿಯೇ ಇದ್ದರೆ ‘ಆನ್’ ಒತ್ತಿ. ಆಪರೇಟಿಂಗ್ ಸಿಸ್ಟಮ್ಮಿಗಾಗಿ ಕಾಯುತ್ತಿರುವುದಾಗಿ ಯಂತ್ರ ತಿಳಿಸಿದ ಮೇಲೆ ಕೇಬಲ್ ಜೋಡಿಸಿ ಕಂಪ್ಯೂಟರಿನಿಂದ ಫೈಲನ್ನು ಕಳುಹಿಸಬೇಕು. ಅದು ಮುಗಿಯುವವರೆಗೆ ಕೇಬಲ್ ಅಲುಗದಂತೆ ನೋಡಿಕೊಳ್ಳಿ.

ಯಂತ್ರ ಸರಿಹೋದ ದಿನವೇ ಮುಖ್ಯವಾದ ಪ್ರೋಗ್ರಾಮುಗಳನ್ನು ಆರ್ಕೈವ್‌ಗೆ ಸೇರಿಸಿಡಿ. ‘ಸೆಕೆಂಡ್’ ಒತ್ತಿ ಕೂಡುವ ಚಿಹ್ನೆಯ ಕೀಲಿಯನ್ನು ಒತ್ತಿದರೆ ಮೆಮೊರಿಯ ಪಟ್ಟಿ ತೆರೆಯುತ್ತದೆ, ಅದರಲ್ಲಿ 5ನೆಯದು ‘ಆರ್ಕೈವ್’. ಸೇರಿಸಿದ ಪ್ರೋಗ್ರಾಮಿನ ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಮೂಡುತ್ತದೆ. ಬೇಸಿಕ್ ಪ್ರೋಗ್ರಾಮನ್ನು ನಡೆಸುವ ಮುನ್ನ 6ನೆಯ ಆಯ್ಕೆಯಿಂದ ಅದನ್ನು ರ‍್ಯಾಮ್‌ಗೆ ಮರಳಿ ತರಬೇಕಾಗುತ್ತದೆ. ಅದೇ ಪಟ್ಟಿಯ 7ನೆಯ ‘ರೀಸೆಟ್’ನಲ್ಲಿ ‘ಆಲ್’ ಎಂಬ ಕಂಬದ ಆಯ್ಕೆಯು ಆರ್ಕೈವನ್ನೂ ಸೇರಿಸಿ ಎಲ್ಲವನ್ನೂ ಅಳಿಸುವುದರಿಂದ ಅದರಿಂದ ದೂರವಿರಿ. ‘ಗಾರ್ಬೇಜ್ ಕಲೆಕ್ಟ್’ ಮಾಡಲೇ ಎಂದು ಯಂತ್ರ ಕೇಳಿ, ನೀವು ಒಪ್ಪಿದ ಮೇಲೆ ಅದು ಆರ್ಕೈವನ್ನು ಮರುಜೋಡಿಸುತ್ತಿರುವಾಗ ಎಷ್ಟೇ ಹೊತ್ತಾದರೂ ಬ್ಯಾಟರಿ ತೆಗೆಯಬೇಡಿ.