ಮೆನಿಂಜೈಟಿಸ್ ವಾಸಿಯಾದ ಕೂಸಿನ ತಲೆ ಅಳೆಯುವುದು ಹೇಗೆ?

ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ಗೆ, ಅಂದರೆ ಮಿದುಳಿನ ಪೊರೆಯ ಉರಿಯೂತಕ್ಕೆ, ಚಿಕಿತ್ಸೆ ಮುಗಿದು, ಜ್ವರವಿಳಿದು ಕೂಸು ಮನೆಗೆ ಬಂದರೆ ಅಪಾಯ ಕಳೆಯಿತೆಂದು ಹೆಚ್ಚಿನವರು ತಿಳಿಯುತ್ತಾರೆ. ಆದರೆ ಉರಿಯೂತದಿಂದಾಗಿ ಮಿದುಳಿನ ದ್ರವ ಹರಿಯುವ ದಾರಿ ಕಟ್ಟಿಕೊಂಡರೆ, ಆ ದ್ರವ ಒಳಗೇ ತುಂಬಿ ಮಿದುಳನ್ನು ಒತ್ತುವ ಹೈಡ್ರೊಸೆಫಲಸ್ ವಾರಗಳ ನಂತರವೂ ತಲೆದೋರಬಹುದು. ಹಸುಗೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ಒಳಗಿನ ಒತ್ತಡಕ್ಕೆ ತಲೆ ಹಿಗ್ಗುತ್ತದೆ, ಮತ್ತು ಆ ಹಿಗ್ಗುವಿಕೆ ಟೇಪಿಗೆ ಸಿಗುತ್ತದೆ.

ಮೊದಲಿಗೆ, ಎಳೆದರೆ ಹಿಗ್ಗದ ತೆಳು ಟೇಪು ಬೇಕು. ಬಟ್ಟೆ ಹೊಲಿಯುವವರ ಹಳೆಯ ಟೇಪು ಬೇಡ. ದಾರ ಸುತ್ತಿ ಸ್ಕೇಲಿಗೆ ಹಿಡಿಯುವ ಅಡ್ಡದಾರಿಯಂತೂ ಬೇಡವೇ ಬೇಡ. ಕೆಲವು ಟೇಪುಗಳಲ್ಲಿ ಸೊನ್ನೆಯ ಗೆರೆ ತುದಿಯಲ್ಲಿರದೆ ತುಸು ಒಳಗಿರುತ್ತದೆ, ನೋಡಿಕೊಳ್ಳಿ.

ಎಡವುವುದು ಮುಂದಿನ ಹಂತದಲ್ಲಿ. ಕೂಸನ್ನು ಇನ್ನೊಬ್ಬರು ತೊಡೆಯ ಮೇಲೆ ಕೂರಿಸಿಕೊಂಡು ತಲೆಗೆ ಆಸರೆ ಕೊಡಲಿ. ಟೋಪಿ, ಕ್ಲಿಪ್ಪುಗಳನ್ನು ತೆಗೆಯಿರಿ. ಟೇಪು ಮುಂದೆ ಹುಬ್ಬುಗಳ ಮೇಲಿನಿಂದ, ಪಕ್ಕದಲ್ಲಿ ಕಿವಿಗಳ ಮೇಲಿನಿಂದ ಹಾದು ಹಿಂದಲೆಯ ಅತ್ಯಂತ ಉಬ್ಬಿದ ಜಾಗವನ್ನು ಸುತ್ತಬೇಕು. ಹಿಂದೆ ಅದು ಕತ್ತಿನ ಕಡೆಗೆ ಜಾರುವುದೇ ಸಾಮಾನ್ಯ ತಪ್ಪು. ಜಾರಿದರೆ ಅಳತೆ ಕಡಿಮೆ ಬಂದು ಹುಸಿ ಸಮಾಧಾನ ಸಿಗುತ್ತದೆ. ಕೂದಲು ಅದುಮುವಷ್ಟು ಬಿಗಿ ಸಾಕು. ತೆಗೆದು ಮತ್ತೆ ಸುತ್ತಿ ಮೂರು ಸಲ ಅಳೆದು, ಎಲ್ಲಕ್ಕಿಂತ ದೊಡ್ಡ ಅಳತೆಯನ್ನು ಮಿಲಿಮೀಟರ್‌ವರೆಗೆ ಬರೆದಿಡಿ.

ವೈದ್ಯರು ಬೇರೆ ಹೇಳದಿದ್ದರೆ ವಾರಕ್ಕೊಮ್ಮೆ, ಪ್ರತಿ ಸಲವೂ ಅದೇ ವ್ಯಕ್ತಿ ಅಳೆಯುವುದು ಒಳ್ಳೆಯದು. ದಿನವೂ ಅಳೆದರೆ ಕೈತಪ್ಪೇ ಬೆಳವಣಿಗೆಯಾಗಿ ಕಾಣುತ್ತದೆ. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ., ನಂತರದ ಮೂರು ತಿಂಗಳು ಸುಮಾರು 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂ.ಮೀ. ಬೆಳೆಯುತ್ತದೆ. ಒಂದು ದಿನದ ಅಂಕಿಗಿಂತ ಬೆಳವಣಿಗೆ ಪಟ್ಟಿಯಲ್ಲಿ ಗೆರೆ ಸಾಗುವ ರೀತಿ ಮುಖ್ಯ. ಅದು ತನ್ನ ಪಥ ಬಿಟ್ಟು ಮೇಲೇರಿದರೆ ವೈದ್ಯರಿಗೆ ಕೂಡಲೇ ತೋರಿಸಿ. ಏರದೆ ನಿಂತುಬಿಟ್ಟರೂ ಸುಮ್ಮನಿರಬೇಡಿ, ಏಕೆಂದರೆ ಹಾನಿಗೊಂಡ ಮಿದುಳು ಬೆಳೆಯದಿದ್ದಾಗ ತಲೆಯೂ ಬೆಳೆಯುವುದಿಲ್ಲ.

ನೆತ್ತಿಯನ್ನು, ಅಂದರೆ ತಲೆಯ ಮೇಲೆ ಮೂಳೆ ಇನ್ನೂ ಮುಚ್ಚದ ಮೆತ್ತನೆಯ ಜಾಗವನ್ನು, ಕೂಸು ಅಳದೆ ನೆಟ್ಟಗೆ ಕೂತಿರುವಾಗಷ್ಟೇ ಮುಟ್ಟಿ ನೋಡಿ. ಅಳುವಾಗ ಎಲ್ಲ ಕೂಸುಗಳ ನೆತ್ತಿಯೂ ಉಬ್ಬುತ್ತದೆ. ಶಾಂತವಾಗಿದ್ದಾಗಲೂ ಉಬ್ಬಿ ಬಿಗಿಯಾಗಿದ್ದರೆ, ಮತ್ತೆ ಜ್ವರ ಬಂದರೆ, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಮೇಲಕ್ಕೆ ನೋಡಲಾಗದೆ ಕೆಳಗಿಳಿದ ಕಣ್ಣುಗುಡ್ಡೆಗಳು ಕಂಡರೆ, ಅಳತೆ ಏನೇ ಇರಲಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಬಂದರೂ ಅಷ್ಟೇ; ಆದರೆ ಎಳೆಗೂಸುಗಳಲ್ಲಿ ಫಿಟ್ಸ್ ಎಂದರೆ ಕೈಕಾಲು ಅದುರಲೇಬೇಕೆಂದಿಲ್ಲ. ಒಂದೇ ಕಡೆ ನೆಟ್ಟ ನೋಟ, ಬಾಯಿ ಚಪ್ಪರಿಸುವುದು, ಉಸಿರು ಸ್ವಲ್ಪ ಹೊತ್ತು ನಿಲ್ಲುವುದು ಕೂಡ ಫಿಟ್ಸ್ ಆಗಿರಬಹುದು. ನೆತ್ತಿ ತೆರೆದಿರುವವರೆಗೆ ಅದರ ಮೂಲಕವೇ ಅಲ್ಟ್ರಾಸೌಂಡ್ ಮಾಡಿ ಒಳಗೆ ದ್ರವ ತುಂಬಿದೆಯೇ ಎಂದು ನೋಡಬಹುದು.

ಕೊನೆಯದಾಗಿ ಶ್ರವಣ ಪರೀಕ್ಷೆ, ಏಕೆಂದರೆ ಈ ಕಾಯಿಲೆಯಿಂದ ಕಿವಿ ಕೇಳಿಸದಂತಾಗಬಹುದು. ಚಪ್ಪಾಳೆ ತಟ್ಟಿ ನೋಡಿದರೆ ಏನೂ ಖಚಿತವಾಗದು; ಸಾಧ್ಯವಾದರೆ ಮನೆಗೆ ಹೊರಡುವ ಮುನ್ನವೇ, ಇಲ್ಲವಾದರೆ ನಾಲ್ಕು ವಾರದೊಳಗೆ ಬೇರಾ (BERA) ಪರೀಕ್ಷೆ, ಅಂದರೆ ಶಬ್ದಕ್ಕೆ ಮಿದುಳು ತೋರುವ ಪ್ರತಿಕ್ರಿಯೆಯನ್ನು ಯಂತ್ರದಿಂದ ಅಳೆಯುವ ಪರೀಕ್ಷೆ, ಮಾಡಿಸಿ. ಈ ಕಾಯಿಲೆಯ ನಂತರ ಒಳಕಿವಿಯಲ್ಲಿ ಮೂಳೆ ಬೆಳೆದು ತುಂಬಿಕೊಳ್ಳಬಹುದಾದ್ದರಿಂದ, ತಡವಾದರೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ನೆರವಾಗುವಂತೆ ಒಳಕಿವಿಗೆ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಸಾಧನ) ಅಳವಡಿಸುವುದು ಕಷ್ಟವಾಗುತ್ತದೆ.